ರಜೆ ಹಾಕಿ ಬಂದರೂ ಸುಸ್ತು ಹೋಗಲ್ಲ, ಯಾಕೆ?

ಓದುಗರ ಪ್ರಶ್ನೆ: ನಾನು ಬ್ಯಾಂಕ್ ನೌಕರ. ಕೆಲವು ತಿಂಗಳಿಂದ ಬೆಳಗ್ಗೆ ಏಳೋಕೇ ಮನಸ್ಸಾಗಲ್ಲ. ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ, ಅಲ್ಲಿ ಚೆನ್ನಾಗೇ ಇದ್ದೆ. ವಾಪಸ್ ಬಂದು ಎರಡು ದಿನಕ್ಕೆ ಮತ್ತೆ ಅದೇ ಸುಸ್ತು, ಅದೇ ಸಿಡಿಮಿಡಿ. ಇದು ಬರ್ನ್‌ಔಟಾ, ಡಿಪ್ರೆಶನ್ನಾ, ಇಲ್ಲ ಸುಮ್ನೆ ಸೋಮಾರಿತನಾನಾ?

ಉತ್ತರ: ಸೋಮಾರಿತನದ ಮಾತನ್ನು ಮೊದಲು ಪಕ್ಕಕ್ಕಿಡಿ. ಇದೇ ಪ್ರಶ್ನೆಯನ್ನು ನರ್ಸ್‌ಗಳು ಕೇಳುತ್ತಾರೆ, ಶಿಕ್ಷಕರು ಕೇಳುತ್ತಾರೆ, ಐಟಿಯವರಂತೂ ಕೇಳುತ್ತಲೇ ಇರುತ್ತಾರೆ. ಎಲ್ಲರೂ ಕೊನೆಗೆ ಬೈದುಕೊಳ್ಳೋದು ತಮ್ಮನ್ನೇ. ಆದರೆ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಬರ್ನ್‌ಔಟ್ ಬಗ್ಗೆ ಬರೆದಾಗ ಅವರ ಕಣ್ಣ ಮುಂದಿದ್ದವರು ಕೆಲಸಗಳ್ಳರಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಮೈಮುರಿದು ದುಡಿಯುತ್ತಿದ್ದ ಸ್ವಯಂಸೇವಕರು. ಕೆಲಸವನ್ನು ತುಂಬಾ ಹಚ್ಚಿಕೊಂಡವರೇ ಹೀಗೆ ಬಸವಳಿಯುತ್ತಾರೆ ಎಂದು ಅವರು ಬರೆದರು. ಅವರಿಗೂ ಅದೇ ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಮೂರು ಲಕ್ಷಣಗಳಲ್ಲಿ ಹೇಳಿತು. ಮೈಮನಸ್ಸಿನ ಶಕ್ತಿಯೆಲ್ಲ ಬತ್ತಿದಂತಾಗುವುದು. ಕೆಲಸದ ಮೇಲೆ ಜಿಗುಪ್ಸೆ, ‘ಏನಾದ್ರೂ ಮಾಡ್ಕೊಳ್ಲಿ’ ಎನ್ನುವ ಭಾವ. ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನ್ನಿಸುವುದು. ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಬಹುಕಾಲ ಹಾಗೇ ಉಳಿದುಹೋದ ಒತ್ತಡದ ಫಲ ಎಂದೂ ಸ್ಪಷ್ಟವಾಗಿ ಹೇಳಿದೆ. ನಿಮ್ಮ ರಜೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಒಂದು ಬ್ಯಾಂಕ್ ಶಾಖೆಯ ದಿನವನ್ನೇ ನೋಡೋಣ. ಬಾಗಿಲು ತೆಗೆಯುವ ಮೊದಲೇ ಪಿಂಚಣಿಗೆ ಬಂದವರ ಸಾಲು. ಹತ್ತೂವರೆಗೆ ಸರ್ವರ್ ಡೌನ್. ಸರ್ವರ್ ಇರೋದು ಎಲ್ಲೋ ದೂರದ ಊರಲ್ಲಿ, ಬೈಗುಳ ತಿನ್ನೋದು ಮಾತ್ರ ಕೌಂಟರಿನಲ್ಲಿ ಕೂತವರು. ‘ಬೆಳಗ್ಗೆಯಿಂದ ನಿಂತಿದೀನಿ, ನಿಮಗೇನು ತಿಂಗಳಾದರೆ ಸಂಬಳ ಬರುತ್ತೆ’ ಎಂದು ಹಿರಿಯರೊಬ್ಬರು ರೇಗುತ್ತಾರೆ. ಅವರ ಸಿಟ್ಟೂ ನ್ಯಾಯವೇ. ನೀವು ನಗುಮುಖದಲ್ಲೇ ಉತ್ತರ ಕೊಡಬೇಕು. ಸಂಜೆ ಕ್ಯಾಶ್ ತಾಳೆ ನೋಡಿ ಉಸಿರು ಬಿಡುವಷ್ಟರಲ್ಲಿ ಮೇಲಿನವರ ವಿಡಿಯೊ ಕಾಲ್: ಈ ವಾರ ಎಷ್ಟು ಇನ್ಶೂರೆನ್ಸ್ ಪಾಲಿಸಿ ಮಾಡಿಸಿದಿರಿ? ಮನೆಗೆ ಹೋಗಿ ಊಟಕ್ಕೆ ಕೂತರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಾಖೆವಾರು ಪಟ್ಟಿ. ಕೊನೆಯ ಸಾಲಿನಲ್ಲಿ ನಿಮ್ಮ ಶಾಖೆ.

ಇಲ್ಲಿ ಕೆಲಸ ಜಾಸ್ತಿ ಎನ್ನುವುದು ಅರ್ಧ ಸಮಸ್ಯೆ ಅಷ್ಟೇ. ಆ ಕೆಲಸದ ಯಾವುದೂ ನಿಮ್ಮ ಕೈಯಲ್ಲಿಲ್ಲ ಅನ್ನೋದು ಉಳಿದರ್ಧ. ಸರ್ವರ್ ನಿಮ್ಮ ಕೈಯಲ್ಲಿಲ್ಲ, ಟಾರ್ಗೆಟ್ ನಿಮ್ಮ ಕೈಯಲ್ಲಿಲ್ಲ, ಖಾಲಿ ಹುದ್ದೆ ತುಂಬುವುದೂ ಇಲ್ಲ. ಹೊಣೆ ಮಾತ್ರ ನಿಮ್ಮದು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಇದನ್ನೇ ಹೇಳಿದರು: ಕೆಲಸದ ಹೊರೆ ಹೆಚ್ಚಿದ್ದು, ಅದರ ಮೇಲೆ ಹಿಡಿತ ಕಡಿಮೆ ಇರುವ ನೌಕರಿಯೇ ಮನಸ್ಸನ್ನು ಹೆಚ್ಚು ಹಿಂಡುತ್ತದೆ. ನೀವು ಊರಲ್ಲಿದ್ದ ಆ ಒಂದು ವಾರದಲ್ಲಿ ಇದರಲ್ಲಿ ಒಂದಾದರೂ ಬದಲಾಯಿತಾ? ಇಲ್ಲ. ಮೈ ಸುಧಾರಿಸಿಕೊಂಡಿತು, ಅಷ್ಟೇ. ಅದರ ಮೇಲೆ ವಾರದ ಬಾಕಿ ಕೆಲಸ ಟೇಬಲ್ ಮೇಲೆ ಕಾಯುತ್ತಿತ್ತು. ಹಾಗಂತ ರಜೆ ದಂಡ ಅಂತಲ್ಲ, ಹಾಕಲೇಬೇಕು. ಆದರೆ ‘ಸ್ವಲ್ಪ ರೆಸ್ಟ್ ತಗೋ, ಯೋಗ ಮಾಡು’ ಎಂದಷ್ಟೇ ಹೇಳಿ ಕಳಿಸುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಶಾಖೆಯ ತಪ್ಪನ್ನು ನೌಕರನ ತಲೆಗೆ ಕಟ್ಟಿದ ಹಾಗಾಗುತ್ತದೆ.

ಗಂಟೆಗಳ ಲೆಕ್ಕವೂ ಸಣ್ಣದಲ್ಲ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ವರದಿ ಮಾಡಿದವು. ಇಷ್ಟಾದರೂ 2024ರಲ್ಲಿ ಕರ್ನಾಟಕದಲ್ಲಿ ಐಟಿ ನೌಕರರ ದಿನದ ಕೆಲಸವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಿತ್ತು. ನೌಕರರ ಸಂಘಟನೆಗಳು ಜೋರಾಗಿಯೇ ವಿರೋಧಿಸಿದವು. ವಿರೋಧಿಸಬೇಕಾದದ್ದೇ.

ಈಗ ಡಿಪ್ರೆಶನ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬರ್ನ್‌ಔಟ್ ಹೆಚ್ಚಾಗಿ ಕೆಲಸದ ಸುತ್ತಲೇ ಇರುತ್ತದೆ. ಊರಲ್ಲಿ ನಿಮಗೆ ಊಟ ರುಚಿಸಿತು, ನಗು ಬಂತು, ನಿದ್ದೆ ಹತ್ತಿತು ಅಂದರೆ ಅದು ಆ ಕಡೆ ಬೊಟ್ಟು ಮಾಡುತ್ತದೆ. ಡಿಪ್ರೆಶನ್ ಹಾಗಲ್ಲ, ಅದು ಎಲ್ಲ ಕಡೆಗೂ ಹಬ್ಬುತ್ತದೆ. ಮಗು ಓಡಿ ಬಂದು ತಬ್ಬಿಕೊಂಡರೂ ಏನೂ ಅನ್ನಿಸುವುದಿಲ್ಲ. ಹಬ್ಬ ಬೇಡ, ಗೆಳೆಯರ ಫೋನ್ ಬೇಡ. ಬೆಳಗಿನ ಜಾವಕ್ಕೇ ಎಚ್ಚರ. ‘ನಾನು ಯಾರಿಗೂ ಬೇಡದವನು’ ಎಂಬ ಯೋಚನೆ. ಇಂಥದ್ದು ಎರಡು ವಾರಕ್ಕಿಂತ ಜಾಸ್ತಿ, ದಿನವೂ ಇದ್ದರೆ ಡಾಕ್ಟರನ್ನು ಕಾಣಲೇಬೇಕು. ಬದುಕೇ ಬೇಡ ಅನ್ನಿಸಿದರೆ ಎರಡು ವಾರವೇನು, ಒಂದು ದಿನವೂ ಕಾಯಬೇಡಿ.

ಎರಡರ ನಡುವೆ ಗೋಡೆಯಿಲ್ಲ ಅನ್ನೋದೂ ನೆನಪಿರಲಿ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನಸ್ಸು ಡಿಪ್ರೆಶನ್ನಿಗೆ ಜಾರಬಹುದು, ಗಾಬರಿಯ ಕಾಯಿಲೆಗೂ ತಿರುಗಬಹುದು. ರಾತ್ರಿ ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತೆ ಎಂದು ಶುರು ಮಾಡಿದವರಿಗೆ ಕುಡಿತವೇ ಇನ್ನೊಂದು ಸಮಸ್ಯೆಯಾಗಿ ಗಂಟು ಬೀಳುತ್ತದೆ. ಜೊತೆಗೆ ಒಂದು ಸಾದಾ ಕೆಲಸ ಮಾಡಿ: ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್, ಬಿ12 ಪರೀಕ್ಷೆ ಮಾಡಿಸಿ. ಇವು ಏರುಪೇರಾದರೂ ಇದೇ ಥರ ಸುಸ್ತು ಬರುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ.

ಆಫೀಸಿನಲ್ಲಿ ಏನು ಮಾಡೋದು? ಒಂದು ವಾರ, ಯಾವ ಗಳಿಗೆಯಲ್ಲಿ ಮನಸ್ಸು ಕುಸಿಯಿತು ಎಂದು ಚೀಟಿಯಲ್ಲಿ ಬರೆದಿಡಿ. ಕೌಂಟರಾ, ಸಂಜೆಯ ವಿಡಿಯೊ ಕಾಲಾ, ಸಹೋದ್ಯೋಗಿಯಾ? ‘ಸಾರ್, ತುಂಬಾ ಸ್ಟ್ರೆಸ್ ಆಗ್ತಿದೆ’ ಎಂದರೆ ಮ್ಯಾನೇಜರ್ ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಈ ವಾರ ಕೆವೈಸಿ ಬಾಕಿ, ಸಾಲದ ಫೈಲು, ಪಾಲಿಸಿ, ಮೂರೂ ಒಬ್ಬನಿಂದ ಆಗಲ್ಲ, ಮೊದಲು ಯಾವುದು ಹೇಳಿ’ ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರವನ್ನು ಇಮೇಲಿನಲ್ಲಿ ಹಾಕಿಡಿ. ರಾತ್ರಿ ಆ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡಿ. ಶಾಖೆಯ ನಾಲ್ಕು ಜನರದ್ದೂ ಇದೇ ಪಾಡಾಗಿದ್ದರೆ ಒಬ್ಬರೇ ಹೋಗಬೇಡಿ, ಯೂನಿಯನ್ ಮೂಲಕ ಹೋಗಿ.

ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ. ಡಾಕ್ಟರನ್ನು ಕಾಣಲು ಬೆಂಗಳೂರಿಗೇ ಓಡಬೇಕಿಲ್ಲ, ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ಆರೋಗ್ಯ ವಿಮೆ ಇದ್ದರೆ ಇದನ್ನೂ ಕೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯ ಕೊಡಬೇಕು.

ಕೆಲಸವನ್ನೇ ಬಿಟ್ಟುಬಿಡಲಾ ಎಂದು ಹಲವರು ಕೇಳುತ್ತಾರೆ. ಬಿಡುವುದು ತಪ್ಪಲ್ಲ. ವರ್ಗಾವಣೆಯೋ ಬೇರೆ ವಿಭಾಗವೋ ಸಿಗುತ್ತದಾ ಎಂದು ಮೊದಲು ನೋಡಿ. ಡಿಪ್ರೆಶನ್ ಇರಬಹುದು ಎಂಬ ಅನುಮಾನವಿದ್ದರೆ ಮಾತ್ರ ಚಿಕಿತ್ಸೆ ಮೊದಲು ಶುರುವಾಗಲಿ. ಮನಸ್ಸು ಕುಸಿದಾಗ ಯಾವ ದಾರಿ ನೋಡಿದರೂ ಮುಚ್ಚಿದಂತೆಯೇ ಕಾಣುತ್ತದೆ. ನಿದ್ದೆ, ಊಟ ಸ್ವಲ್ಪ ಸರಿಹೋದ ಮೇಲೆ, ಮನೆಯವರ ಜೊತೆ ಕೂತು, ಸಾಲದ ಕಂತು ಎಷ್ಟು, ಕೈಯಲ್ಲಿ ಎಷ್ಟು ತಿಂಗಳ ಖರ್ಚಿಗಿದೆ ಎಂದು ಲೆಕ್ಕ ಹಾಕಿ, ಆಮೇಲೆ ರಾಜೀನಾಮೆ ಪತ್ರ ಬರೆಯಬಹುದು.