ಸೆಲ್ಫ್ ಎತ್ತದಿದ್ದರೆ ಮೊದಲು ಅಳೆದು ನೋಡಿ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆ ತೋಟದ ಜೀಪು, ಕಾರುಗಳು ದಿನಗಟ್ಟಲೆ ಒದ್ದೆಯಲ್ಲೇ ನಿಲ್ಲುತ್ತವೆ. ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ 'ಟಕ್' ಅನ್ನುತ್ತದೆ. ಬ್ಯಾಟರಿ ಹೋಯ್ತು ಅಂತ ಎಲ್ಲರೂ ಹೇಳುತ್ತಾರೆ. ಹೊಸದು ಹಾಕಿದ ಮೇಲೂ ಅದೇ 'ಟಕ್' ಕೇಳಿಸುವುದುಂಟು. ಅಷ್ಟು ದುಡ್ಡು ಸುರಿಯುವ ಮುಂಚೆ ವೋಲ್ಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ.

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಬ್ಯಾಟರಿಯ ಪ್ಲಸ್, ಮೈನಸ್ ಮುಟ್ಟಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸುಮಾರು 12.6 ಬಂದರೆ ಬ್ಯಾಟರಿ ತುಂಬಿದೆ. ಒಳಗೆ 6 ಸೆಲ್‌ಗಳಿವೆ, ಒಂದೊಂದೂ 2.1 ವೋಲ್ಟ್. 12.2 ಅಂದರೆ ಅರ್ಧದಷ್ಟು ಖಾಲಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಇಲ್ಲದಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಅದರ ಬೆಲ್ಟು ನೋಡಿಸಿ.

ಆದರೆ 12.6 ಕಂಡ ಕೂಡಲೇ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಕಸ ಕಟ್ಟಿದ್ದರೂ, ವಾಲ್ವ್ ಮುಚ್ಚಿರುವಾಗ ಗೇಜು ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ನೀರು ಹರಿದಾಗಲೇ ಅಡ್ಡಿ ಗೊತ್ತಾಗುವುದು. ಕರೆಂಟಿನದೂ ಅದೇ ಕಥೆ.

ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯ ಟರ್ಮಿನಲ್ಲಿಗೆ (ವೈರು ಸಿಕ್ಕಿಸುವ ಕಂಬಕ್ಕೆ) ಕಿಲುಬು ಹಿಡಿದು 0.01 ಓಮ್ ಅಡ್ಡಿ ಬಂದಿದೆ ಅಂತಿಟ್ಟುಕೊಳ್ಳಿ. ತೀರಾ ಚಿಕ್ಕದು, ಅಲ್ವಾ? ಹೆಡ್‌ಲೈಟಿಗೆ 10 ಆಂಪಿಯರ್ ಹರಿದರೆ ಅಲ್ಲಿ ಕಳೆದುಹೋಗುವುದು ಬರೀ 0.1 ವೋಲ್ಟ್. ಇಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟಾರು 150 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 1.5 ವೋಲ್ಟ್ ಹೋಗುತ್ತದೆ. ಲೈಟು ಚೆನ್ನಾಗಿಯೇ ಉರಿದು, ಸೆಲ್ಫ್ ಮಾತ್ರ ಸೋಲುವುದು ಇದಕ್ಕೇ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಹಾಗಾಗಿ ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ತಿರುಗುವ ಬೆಲ್ಟು, ಫ್ಯಾನಿನಿಂದ ಕೈ, ವೈರು ದೂರವಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಇನ್ನೊಬ್ಬರು ಕೀ ತಿರುಗಿಸಲಿ. 0.2 ವೋಲ್ಟಿನ ಆಸುಪಾಸು ಬಂದರೆ ಅರ್ತ್, ಅಂದರೆ ಇಂಜಿನ್ನಿನಿಂದ ಬ್ಯಾಟರಿಯ ಮೈನಸ್‌ವರೆಗಿನ ದಾರಿ, ಚೆನ್ನಾಗಿದೆ. 1 ವೋಲ್ಟ್ ಬಂದರೆ ಆ ದಾರಿಯಲ್ಲೇ ತೊಂದರೆ. ಕಡ್ಡಿಯನ್ನು ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ವೈರಿಗೆ ಸರಿಸುತ್ತಾ ಹೋಗಿ. ಯಾವ ಜೋಡಣೆ ದಾಟಿದಾಗ ಅಂಕಿ ತಟ್ಟನೆ ಇಳಿಯುತ್ತದೋ ಅಲ್ಲೇ ಕಿಲುಬು. ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನವರೆಗೂ ಹೀಗೇ ನೋಡಬಹುದು. ಅಲ್ಲಿ 0.5ರವರೆಗೆ ಅಡ್ಡಿಯಿಲ್ಲ.

ಎರಡೂ ಕಡೆ ಸರಿಯಿದ್ದು, ತುಂಬಿದ ಬ್ಯಾಟರಿಯೇ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಿ. ಸೆಲ್ಫ್ ಮೋಟಾರೇ ಬಿಗಿಯಾಗಿದ್ದರೂ ಹೀಗಾಗಬಹುದು. ಅಂಗಡಿಯಲ್ಲಿ ಲೋಡ್ ಟೆಸ್ಟ್ (ಬ್ಯಾಟರಿಯಿಂದ ಜಾಸ್ತಿ ಕರೆಂಟ್ ಎಳೆದು ನೋಡುವುದು) ಮಾಡಿಸಿದರೆ ಖಚಿತ.

ಕಿಲುಬು ತೆಗೆಯುವಾಗ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿ. ಬ್ಯಾಟರಿಯ ಒಳಗೆ ಒಂದು ಹನಿಯೂ ಹೋಗಬಾರದು. ಪೂರ್ತಿ ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಆಮೇಲೆ ಅದೇ ಜಾಗದಲ್ಲಿ ಮತ್ತೊಮ್ಮೆ ಅಳೆಯಿರಿ.