ಕರೆಂಟ್ ಹೋದ ಮೇಲೆ ನಕ್ಷತ್ರಗಳು ಒಂದೊಂದಾಗಿ ಹೆಚ್ಚುವುದೇಕೆ?

ಪ್ರಶ್ನೆ: ರಾತ್ರಿ ಊರಿಗೆ ಊರೇ ಕತ್ತಲಾದಾಗ ಹೊರಗೆ ಬಂದರೆ ಮೊದಲಿಗೆ ಕೆಲವೇ ನಕ್ಷತ್ರ. ಅರ್ಧ ಗಂಟೆ ಕಳೆದರೆ ಆಕಾಶದ ತುಂಬ. ನಡುವೆ ಮೊಬೈಲ್ ನೋಡಿ ತಲೆ ಎತ್ತಿದರೆ ಮತ್ತೆ ಮಾಯ. ಯಾಕೆ ಹೀಗೆ?

ಉತ್ತರ: ದೀಪ ಆರಿದ ಕ್ಷಣವೇ ಆಕಾಶ ಕತ್ತಲಾಗಿರುತ್ತದೆ. ತಡವಾಗುವುದು ಕಣ್ಣಿಗೆ.

ಊರ ದೀಪಗಳ ಬೆಳಕು ಮೇಲೇರಿ, ಗಾಳಿಯ ಅಣುಗಳಿಗೂ ದೂಳಿಗೂ ತಾಗಿ ಚದುರಿ, ಒಂದಿಷ್ಟು ಕೆಳಗೆ ವಾಪಸು ಬರುತ್ತದೆ. ಆ ಮಬ್ಬಿನಲ್ಲಿ ಮಂಕು ನಕ್ಷತ್ರಗಳು ಮುಳುಗಿಹೋಗುತ್ತವೆ. 1994ರ ಜನವರಿಯಲ್ಲಿ ಭೂಕಂಪವಾಗಿ ಲಾಸ್ ಏಂಜಲೀಸ್ ಕತ್ತಲಾದಾಗ, ಆಕಾಶ ವಿಚಿತ್ರವಾಗಿದೆಯಲ್ಲ ಎಂದು ಜನ ಗ್ರಿಫಿತ್ ವೀಕ್ಷಣಾಲಯಕ್ಕೆ ಫೋನ್ ಮಾಡಿದ್ದರು. ಕಂಡದ್ದು ಎಂದಿನ ನಕ್ಷತ್ರಗಳೇ. ನಿಮ್ಮ ಬೀದಿಯಲ್ಲಿ ಮಾತ್ರ ಕರೆಂಟ್ ಹೋಗಿದ್ದರೆ ಇಷ್ಟು ಬದಲಾವಣೆ ಕಾಣದು. ಸುತ್ತಲಿನ ಬಡಾವಣೆಗಳ ಮಬ್ಬು ಹಾಗೇ ಇರುತ್ತದೆ.

ಇನ್ನು ಕಣ್ಣಿನ ವಿಷಯ. ಪಾಪೆ ಬೇಗನೆ ಹಿಗ್ಗುತ್ತದೆ, ಆದರೆ ಅದರ ಲಾಭ ಅಲ್ಪ. ಮುಖ್ಯ ಕೆಲಸ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ಮಂದ ಬೆಳಕನ್ನು ಗ್ರಹಿಸುವ ರಾಡ್ ಕೋಶಗಳದ್ದು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕು ಬಿದ್ದರೆ ಒಡೆಯುತ್ತದೆ, ಕತ್ತಲಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೆ 20ರಿಂದ 30 ನಿಮಿಷ ಬೇಕು. ಬೆಳ್ಳಗೆ ಹೊಳೆಯುವ ಮೊಬೈಲ್ ಪರದೆ ಅಷ್ಟು ಹೊತ್ತಿನ ಗಳಿಕೆಯಲ್ಲಿ ಬಹುಪಾಲನ್ನು ಕ್ಷಣದಲ್ಲಿ ಕಳೆದುಬಿಡುತ್ತದೆ.

ಫೋನ್ ನೋಡಲೇಬೇಕಾದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ಎರಡೂ ಕಣ್ಣು ಬೇರೆಬೇರೆಯಾಗಿಯೇ ಕತ್ತಲಿಗೆ ಹೊಂದಿಕೊಳ್ಳುವುದರಿಂದ ಮುಚ್ಚಿದ ಕಣ್ಣಿನ ಗಳಿಕೆ ಉಳಿಯುತ್ತದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಮೂರು ಪದರ ಸುತ್ತಿ. ಕಡುಗೆಂಪು ಬೆಳಕು ರಾಡ್ ಕೋಶಗಳಿಗೆ ಹೆಚ್ಚು ತಟ್ಟದು. ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಸಾಲದು. ಪಕ್ಕದ ಮನೆಯ ಇನ್ವರ್ಟರ್ ದೀಪ ನೇರ ಕಣ್ಣಿಗೆ ಬೀಳದಂತೆ ಗೋಡೆಯ ಮರೆಯಲ್ಲಿ ನಿಲ್ಲಿ.

ಮಂಕು ನಕ್ಷತ್ರವನ್ನು ದಿಟ್ಟಿಸಿದರೆ ಅದು ಮರೆಯಾಗುತ್ತದೆ, ಏಕೆಂದರೆ ನೋಟದ ನಟ್ಟನಡುವೆ ರಾಡ್ ಕೋಶಗಳೇ ಇಲ್ಲ. ಕೈ ಚಾಚಿ ಹಿಡಿದ ಮುಷ್ಟಿಯಷ್ಟು ಪಕ್ಕಕ್ಕೆ ದೃಷ್ಟಿ ಇಡಿ, ಅದು ಮತ್ತೆ ಕಾಣುತ್ತದೆ. ಇದನ್ನು ಎಲ್ಲರೂ ಒಮ್ಮೆ ಮಾಡಿ ನೋಡಲೇಬೇಕು.

ಆಕಾಶಗಂಗೆ ಕಾಣಬೇಕಾದರೆ ಚಂದ್ರ ಇರಬಾರದು. ಫೋಟೋಗಳ ಬಣ್ಣವನ್ನು ಮಾತ್ರ ನಿರೀಕ್ಷಿಸಬೇಡಿ. ರಾಡ್ ಕೋಶಗಳಿಗೆ ಬಣ್ಣ ತಿಳಿಯದು, ಹಾಗಾಗಿ ತೆಳು ಬೂದಿಬಣ್ಣದ ಪಟ್ಟಿಯಂತೆ ಕಾಣುತ್ತದೆ.

ಅರ್ಧ ಗಂಟೆ ಕಾದರೂ ಜೊತೆಯವರಿಗೆ ಕಾಣುವ ನಕ್ಷತ್ರಗಳು ನಿಮಗೆ ಕಾಣದಿದ್ದರೆ, ಕತ್ತಲಲ್ಲಿ ನಡೆಯುವುದೂ ಕಷ್ಟವಾಗುತ್ತಿದ್ದರೆ, ಕಣ್ಣಿನ ವೈದ್ಯರಿಗೆ ತೋರಿಸಿ. ವಿಟಮಿನ್ ಎ ಕೊರತೆಯಿಂದಲೂ ಇರುಳುಗುರುಡು ಬರುತ್ತದೆ.