ದೀಕ್ಷಾಸ್ನಾನ ಆದ ಮೇಲೂ ತಪ್ಪು ಮಾಡಿದೆ, ಮತ್ತೆ ಮುಳುಗಬೇಕಾ?

ಪ್ರಶ್ನೆ: "ಪಶ್ಚಾತ್ತಾಪಪಟ್ಟು ದೀಕ್ಷಾಸ್ನಾನ ತೆಗೆದುಕೊಂಡೆ. ನೀರಿನಿಂದ ಎದ್ದಾಗ ಹಳೆಯದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕೋಪ, ಅದೇ ಸುಳ್ಳು. ಹಾಗಾದರೆ ನನ್ನ ಪಶ್ಚಾತ್ತಾಪ ನಿಜವಾಗಿರಲಿಲ್ವಾ? ಆ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತಾ, ಇಲ್ಲಾ ಇನ್ನೊಮ್ಮೆ ತೆಗೆದುಕೊಳ್ಳಬೇಕಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಡ, ಮತ್ತೆ ಮುಳುಗಬೇಕಿಲ್ಲ. (ದೀಕ್ಷಾಸ್ನಾನ ಅಂದರೆ ಕ್ರೈಸ್ತ ನಂಬಿಕೆಗೆ ಸೇರುವಾಗ ನೀರಿನಿಂದ ನಡೆಯುವ ವಿಧಿ.) ಬೇರೆ ನೂರು ವಿಷಯಕ್ಕೆ ಜಗಳವಾಡುವ ಸಭೆಗಳೂ (ಅಂದರೆ ಚರ್ಚುಗಳೂ) ಇದೊಂದರಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ, ಸರಿಯಾಗಿ ಆದ ದೀಕ್ಷಾಸ್ನಾನ ಜೀವಮಾನಕ್ಕೆ ಒಂದೇ ಸಲ. ("ಸರಿಯಾಗಿ ಆದ" ಅಂದರೆ ಏನು ಅನ್ನುವುದರಲ್ಲೇ ಜಗಳ ಇರೋದು, ಅದಕ್ಕೆ ಆಮೇಲೆ ಬರುತ್ತೇನೆ.) ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ತಿರುವುಮುರುವು ಆಗಿದೆ. ಪಶ್ಚಾತ್ತಾಪ ಆವತ್ತೇ ಮುಗಿದ ಕೆಲಸ, ದೀಕ್ಷಾಸ್ನಾನ ಬೇಕಾದರೆ ಮತ್ತೆ ಮಾಡಿಸಿಕೊಳ್ಳಬಹುದಾದದ್ದು ಅಂತ ನೀವು ಲೆಕ್ಕ ಹಾಕಿದ್ದೀರಿ. ಅದು ಉಲ್ಟಾ.

ಇದಕ್ಕೆ ಸ್ವಲ್ಪ ಮಟ್ಟಿಗೆ ನಮ್ಮ ಪದವೇ ಕಾರಣ ಅಂತ ನನಗೆ ಅನಿಸುತ್ತದೆ. ಪಶ್ಚಾತ್ತಾಪ ಅಂದರೆ ಆಮೇಲೆ ಆಗುವ ತಾಪ, ಮಾಡಿದ ಮೇಲೆ ಒಳಗೆ ಹತ್ತುವ ಉರಿ. ಪದ ಕೇಳಿದ ಕೂಡಲೇ ಅಳು, ಬೇಸರ, ಎದೆ ಬಡಿದುಕೊಳ್ಳುವುದು ಕಣ್ಣಿಗೆ ಬರುತ್ತದೆ. ಆದರೆ ಬೈಬಲ್‌ನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಬರೆದ ಗ್ರೀಕ್ ಭಾಷೆಯಲ್ಲಿ ಆ ಜಾಗದಲ್ಲಿರುವ ಪದ ಮೆಟನೋಯಿಯ, ಅಂದರೆ ಮನಸ್ಸು ಬದಲಾಗುವುದು, ಯೋಚಿಸುವ ರೀತಿಯೇ ಬೇರೆಯಾಗುವುದು. ಅದರ ಹಿಂದೆ ಹೀಬ್ರೂ ಪ್ರವಾದಿಗಳು ಮತ್ತೆ ಮತ್ತೆ ಬಳಸಿದ ಶೂವ್ ಅನ್ನುವ ಕ್ರಿಯಾಪದ ಇದೆ. ಅದಕ್ಕೆ ಬರೀ 'ತಿರುಗು', 'ವಾಪಸ್ ಬಾ' ಅಂತ ಅರ್ಥ. ದಾರಿಯಲ್ಲಿ ನಡೆಯುವವನು ತಿರುಗಿ ಬಂದ ಅನ್ನೋದಕ್ಕೂ ಅದೇ ಪದ. ಕನ್ನಡ ಬೈಬಲ್‌ಗಳಲ್ಲಿ "ದೇವರ ಕಡೆಗೆ ತಿರುಗಿಕೊಳ್ಳಿರಿ" ಅಂತಲೂ "ಮಾನಸಾಂತರ" ಅಂತಲೂ ನೋಡಿರುತ್ತೀರಿ, ಅವು ಮೂಲಕ್ಕೆ ಇನ್ನೂ ಹತ್ತಿರ. ತಿರುಗುವುದಕ್ಕೆ ಅಳು ಬರಬಹುದು, ಬರದೆಯೂ ಇರಬಹುದು. ಅತ್ತರೂ ತಿರುಗದೆ ಅದೇ ದಾರಿಯಲ್ಲಿ ಹೋಗುವವರು ಎಷ್ಟು ಜನ ಬೇಕು!

ಯೇಸುವಿಗಿಂತ ಮುಂಚೆ ಬಂದು ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕ ಯೋಹಾನನ ಹತ್ತಿರ ಜನ ಬಂದದ್ದನ್ನು ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಓದಿ. ಯೊರ್ದನ್ ಹೊಳೆಯ ಹತ್ತಿರ ಗುಂಪು ಸೇರಿದೆ, "ನಾವೇನು ಮಾಡಬೇಕು?" ಅಂತ ಕೇಳುತ್ತಿದೆ. ಯೋಹಾನ ಯಾರಿಗೂ ಜೋರಾಗಿ ಅಳಿ ಅಂತ ಹೇಳಲಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ ಅಂದ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಅಂದ. ಒಬ್ಬೊಬ್ಬರ ಕೆಲಸಕ್ಕೆ ತಕ್ಕ ಹಾಗೆ ಒಂದೊಂದು ಮಾತು. ಗಮನಿಸಿ, ಕೆಲಸ ಬಿಡಿ ಅಂತ ಸುಂಕದವನಿಗೂ ಹೇಳಲಿಲ್ಲ, ಸಿಪಾಯಿಗೂ ಹೇಳಲಿಲ್ಲ.

ಬೇಸರಪಡುವುದಕ್ಕೂ ತಿರುಗುವುದಕ್ಕೂ ಎಷ್ಟು ದೂರ ಅಂತ ನೋಡಬೇಕಾದರೆ ಯೂದ ಮತ್ತು ಪೇತ್ರ ಇಬ್ಬರನ್ನೂ ಪಕ್ಕಪಕ್ಕ ಇಡಿ. ಇಬ್ಬರೂ ಯೇಸುವಿನ ಶಿಷ್ಯರು, ಒಂದೇ ರಾತ್ರಿ ಇಬ್ಬರೂ ಅವನನ್ನು ಕೈಬಿಟ್ಟರು: ಯೂದ ದುಡ್ಡಿಗೆ ಹಿಡಿದುಕೊಟ್ಟ, ಪೇತ್ರ ಅವನು ಗೊತ್ತೇ ಇಲ್ಲ ಅಂದ. ಯೂದನಿಗೆ ಬೇಸರ ಆಗಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ತಪ್ಪು ಒಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯಗಳನ್ನು ವಾಪಸ್ ತಂದು ಎಸೆದ, ಆಮೇಲೆ ಹೋಗಿ ನೇಣು ಹಾಕಿಕೊಂಡ. ಇಲ್ಲಿ ಸುವಾರ್ತೆ ಬರೆದ ಮತ್ತಾಯ ಬಳಸುವ ಕ್ರಿಯಾಪದ ಬೇರೆ, ಮೆಟನೋಯಿಯದ್ದಲ್ಲ. ಇದರ ಮೇಲೆ ಕೆಲವರು ದೊಡ್ಡ ಪ್ರಸಂಗವನ್ನೇ ಕಟ್ಟುತ್ತಾರೆ, ನಾನು ಅಷ್ಟು ಭಾರ ಹಾಕುವುದಿಲ್ಲ, ಯಾಕೆಂದರೆ ಅದೇ ಕ್ರಿಯಾಪದವನ್ನು ಮತ್ತಾಯ ಇನ್ನೊಂದು ಕಡೆ ಒಳ್ಳೆಯ ಅರ್ಥದಲ್ಲೂ ಬಳಸಿದ್ದಾನೆ. ನನಗೆ ಕಾಣುವ ವ್ಯತ್ಯಾಸ ಸರಳ. ಪೇತ್ರನೂ ಮೂರು ಸಲ ಸುಳ್ಳು ಹೇಳಿದ, ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ, ಆದರೆ ಆಮೇಲೆ ಬೇರೆ ಶಿಷ್ಯರ ಹತ್ತಿರ ವಾಪಸ್ ಬಂದ. ಯೂದ ಒಬ್ಬನೇ ಹೋದ.

ಇನ್ನು ದೀಕ್ಷಾಸ್ನಾನ. ಕಥೋಲಿಕರಲ್ಲಿ ಜ್ಞಾನಸ್ನಾನ ಅನ್ನುವ ಮಾತೂ ಇದೆ. ಸ್ನಾನ ಅಂತ ಇರುವುದರಿಂದ ಸೋಪು ನೀರಿನ ಲೆಕ್ಕ ತಲೆಗೆ ಬರುತ್ತದೆ, ಕೊಳೆ ಆಯಿತು, ತೊಳೆದೆ, ಮತ್ತೆ ಕೊಳೆಯಾಯಿತು, ಮತ್ತೆ ತೊಳೆಯಬೇಕು ಅಂತ. ತೊಳೆಯುವ ಹೋಲಿಕೆ ಬೈಬಲ್‌ನಲ್ಲಿ ಇಲ್ಲ ಅಂತಲ್ಲ, ಇದೆ. ಆದರೆ ಪೇತ್ರನ ಮೊದಲನೆಯ ಪತ್ರ ಇದು ಮೈಕೊಳೆ ಹೋಗಲಾಡಿಸುವ ವಿಷಯವಲ್ಲ ಅಂತ ಬಿಡಿಸಿ ಹೇಳುತ್ತದೆ. ಮೊದಲ ಕಾಲದ ಬೋಧಕ ಪೌಲ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಕೊಡುವ ಚಿತ್ರವೇ ಬೇರೆ: ಅದು ಹೂಳುವುದು. ನೀರೊಳಗೆ ಹೋಗುವುದು ಕ್ರಿಸ್ತನ ಜೊತೆ ಸತ್ತು ಹೂಳಲ್ಪಟ್ಟ ಹಾಗೆ, ಮೇಲೆ ಬರುವುದು ಅವನ ಜೊತೆ ಎದ್ದ ಹಾಗೆ. ಗ್ರೀಕ್‌ನ ಬಾಪ್ತಿಜೋ ಅನ್ನುವ ಪದಕ್ಕೂ ಮುಳುಗಿಸು, ಅದ್ದು ಅಂತಲೇ ಅರ್ಥ. ಈಗ ಹೇಳಿ, ಒಬ್ಬನನ್ನು ಎಷ್ಟು ಸಲ ಹೂಳುತ್ತಾರೆ?

ಅದಕ್ಕಿಂತ ಮುಖ್ಯ ಆ ಅಧ್ಯಾಯ ಶುರುವಾಗುವ ರೀತಿ. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವಾ ಅನ್ನುವ ಪ್ರಶ್ನೆ ಎದ್ದಿದೆ. ಕೇಳಿಸಿಕೊಳ್ಳುತ್ತಿರುವವರು ಆಗಲೇ ದೀಕ್ಷಾಸ್ನಾನ ಆದವರು. ಅಂದರೆ ನಿಮ್ಮ ಪರಿಸ್ಥಿತಿ ಹೊಸದೇನಲ್ಲ. ಪೌಲ ಅವರಿಗೆ ಮತ್ತೆ ನೀರಿಗಿಳಿಯಿರಿ ಅಂತ ಹೇಳುವುದಿಲ್ಲ, "ನಿಮಗೆ ಗೊತ್ತಿಲ್ಲವಾ?" ಅಂತ ಕೇಳುತ್ತಾನೆ, ಆವತ್ತು ಆದದ್ದನ್ನು ನೆನಪಿಸಿ, ಈಗ ಅದರಂತೆ ಎಣಿಸಿಕೊಳ್ಳಿ ಅನ್ನುತ್ತಾನೆ.

ನಿಮ್ಮ ಪ್ರಶ್ನೆಗೆ ಇನ್ನೂ ನೇರವಾದ ಉತ್ತರ ಬೇಕಾದರೆ ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೇ ಅಧ್ಯಾಯಕ್ಕೆ ಹೋಗಿ. ಸಮಾರ್ಯದಲ್ಲಿ ಸಿಮೋನ ಅಂತ ಒಬ್ಬ ಮಾಟಗಾರ. ನಂಬಿದ, ದೀಕ್ಷಾಸ್ನಾನವೂ ಆಯಿತು. ಅಪೊಸ್ತಲರು (ಯೇಸು ಕಳುಹಿಸಿದ ಶಿಷ್ಯರು) ಕೈಯಿಟ್ಟಾಗ ಜನರಿಗೆ ಪವಿತ್ರಾತ್ಮ ಸಿಗುವುದನ್ನು ಕಂಡು ದುಡ್ಡು ತಂದಿಟ್ಟು ನನಗೂ ಈ ಅಧಿಕಾರ ಕೊಡಿ ಅಂದ. ಸುಳ್ಳು, ಕೋಪಕ್ಕಿಂತ ಇದು ಸಣ್ಣ ತಪ್ಪೇನಲ್ಲ, ಅಲ್ವಾ? ಪೇತ್ರ ಅವನನ್ನು ಚೆನ್ನಾಗಿಯೇ ಬೈದ. ಆದರೆ ಪರಿಹಾರವಾಗಿ ಹೇಳಿದ್ದು ಎರಡೇ: ಈ ಕೆಟ್ಟತನದಿಂದ ತಿರುಗಿಕೋ, ದೇವರನ್ನು ಬೇಡಿಕೋ. ಇನ್ನೊಂದು ದೀಕ್ಷಾಸ್ನಾನದ ಮಾತೇ ಇಲ್ಲ.

ನಿಮ್ಮ ಭಯ ಎಷ್ಟು ಹಳೆಯದು ಗೊತ್ತಾ? ಮೊದಲ ಶತಮಾನಗಳಲ್ಲಿ ಇದು ಜನರನ್ನು ಎಷ್ಟು ಕಾಡಿತ್ತೆಂದರೆ, ದೀಕ್ಷಾಸ್ನಾನ ಹಿಂದಿನದ್ದೆಲ್ಲ ಅಳಿಸುತ್ತದೆ, ಆದರೆ ಆಮೇಲೆ ತಪ್ಪಿದರೆ ಗತಿಯೇನು ಅಂತ ಹೆದರಿ ಎಷ್ಟೋ ಜನ ಅದನ್ನು ಮುಂದೂಡುತ್ತಲೇ ಇದ್ದರು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ತೆಗೆದುಕೊಂಡದ್ದು 337ರಲ್ಲಿ, ಸಾಯುವ ಸ್ವಲ್ಪ ಮುಂಚೆ. ಮುಂದೆ ದೊಡ್ಡ ಬಿಷಪ್ ಆದ ಅಗಸ್ಟೀನ್ ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ದೀಕ್ಷಾಸ್ನಾನದ ತಯಾರಿ ನಡೆದಿತ್ತು, ಹುಷಾರಾದ ಕೂಡಲೇ ನಿಲ್ಲಿಸಿದರು, ಬೆಳೆಯುವ ಹುಡುಗ, ಹೇಗೂ ತಪ್ಪು ಮಾಡುತ್ತಾನೆ ಅಂತ. ಕೊನೆಗೆ ಅವನಿಗೆ ದೀಕ್ಷಾಸ್ನಾನ ಆದದ್ದು 387ರಲ್ಲಿ, ಮಿಲಾನ್‌ನಲ್ಲಿ. ಅದಕ್ಕೂ ಮುಂಚೆ, 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ನಂಬಿಕೆ ಬಿಟ್ಟವರನ್ನು ಆಮೇಲೆ ಸಭೆಗೆ ಸೇರಿಸಿಕೊಳ್ಳಬೇಕಾ ಬೇಡವಾ ಅಂತ ಸಭೆಯೇ ಒಡೆಯಿತು. ರೋಮ್‌ನ ಪಾದ್ರಿ ನೊವೇಷಿಯನ್ ಆಗಲ್ಲ ಅಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಅವನ ಕಡೆಯವರು, ಪಶ್ಚಾತ್ತಾಪದ ದಾರಿಯಲ್ಲಿ ಬರಲಿ ಅಂದರು. ಗೆದ್ದದ್ದು ಈ ಎರಡನೆಯ ಮಾತು. ಸೇರಿಸಿಕೊಳ್ಳಬೇಕು ಅಂದವರು ಕೂಡ ಅವರನ್ನು ಮತ್ತೆ ಮುಳುಗಿಸಲಿಲ್ಲ ಅನ್ನೋದನ್ನು ನೆನಪಿಡಿ.

ಆ ಕಾಲದವರ ಒಂದು ಹೋಲಿಕೆ ನನಗೆ ತುಂಬ ಇಷ್ಟ. ಹಳೆಯ ಕ್ರೈಸ್ತ ಬರಹಗಾರರಾದ ತೆರ್ತುಲಿಯನ್, ಆಮೇಲೆ ಜೆರೋಮ್ ಅದನ್ನು ಬಳಸಿದರು: ಹಡಗು ಒಡೆದವನಿಗೆ ನೀರಲ್ಲಿ ಸಿಗುವ ಹಲಗೆಯೇ ಪಶ್ಚಾತ್ತಾಪ. ಕಥೋಲಿಕ ಸಭೆ ಪಾಪನಿವೇದನೆಯ ಸಂಸ್ಕಾರದ ಬಗ್ಗೆ ಈಗಲೂ ಈ ಮಾತು ಹೇಳುತ್ತದೆ. ಇದಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ತಕರಾರು ತೆಗೆದ. ಹಡಗು ಒಡೆದೇ ಇಲ್ಲವಲ್ಲ, ದೀಕ್ಷಾಸ್ನಾನ ದೇವರು ಕಟ್ಟಿದ್ದು, ಅದು ಒಡೆಯುವುದಿಲ್ಲ, ಜಾರಿ ಬಿದ್ದದ್ದು ನಾವು. ಈಜಿಕೊಂಡು ಹೋಗಿ ಮತ್ತೆ ಹತ್ತಿಕೊಳ್ಳೋದೇ ಪಶ್ಚಾತ್ತಾಪ ಅಂತ ಅವನ ವಾದ. ಕ್ರೈಸ್ತನ ಇಡೀ ಬದುಕೇ ಪಶ್ಚಾತ್ತಾಪ ಆಗಿರಬೇಕು ಅಂತ 1517ರ ತೊಂಬತ್ತೈದು ವಾದಗಳಲ್ಲಿ ಮೊದಲನೆಯದರಲ್ಲೇ ಅವನು ಹೇಳಿದ್ದ. ಹಲಗೆಯೋ ಹಡಗೋ, ಈ ಎರಡು ಪಕ್ಷದವರಲ್ಲಿ ಯಾರೂ ದಡಕ್ಕೆ ಹೋಗಿ ಹೊಸ ಟಿಕೆಟ್ ತಗೋ ಅನ್ನುವುದಿಲ್ಲ.

ಈಗ ಆ ಜಗಳದ ವಿಷಯ. ಮಗುವಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಂತ ಕಥೋಲಿಕರು, ಆರ್ಥೊಡಾಕ್ಸ್, ಲೂಥರನ್, ಆಂಗ್ಲಿಕನ್, ಮೆಥೊಡಿಸ್ಟ್ ಸಭೆಗಳು ಒಪ್ಪುತ್ತವೆ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳು ಒಪ್ಪುವುದಿಲ್ಲ, ಸ್ವಂತ ನಂಬಿಕೆ ಮೊದಲು, ನೀರು ಆಮೇಲೆ ಅನ್ನುತ್ತವೆ. ಅವರು ದೊಡ್ಡವರಿಗೆ ಕೊಡುವಾಗ ಇದು ಎರಡನೆಯದು ಅಂದುಕೊಳ್ಳುವುದಿಲ್ಲ, ಮೊದಲನೆಯದು ಆಗಿಯೇ ಇಲ್ಲ ಅಂತ ಅವರ ಲೆಕ್ಕ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1525ರಲ್ಲಿ ಹೀಗೆ ದೊಡ್ಡವರಾದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡ ಗುಂಪಿನ ಫೀಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಅದನ್ನು ಮಾಡಿಸಿದ್ದು ಕ್ರೈಸ್ತರದೇ ನಗರಸಭೆ. ಈ ವಿಷಯದಲ್ಲಿ ಜೋರು ದನಿಯಲ್ಲಿ ವಾದ ಮಾಡುವವರನ್ನು ಕಂಡಾಗಲೆಲ್ಲ ನನಗೆ ಆ ನದಿ ನೆನಪಾಗುತ್ತದೆ.

ಹೊಸ ಒಡಂಬಡಿಕೆಯಲ್ಲಿ ಎರಡು ಸಲ ನೀರಿಗಿಳಿದವರು ಅಂತ ಕಾಣುವುದು ಒಂದು ಕಡೆ, ಕೃತ್ಯಗಳು 19ರಲ್ಲಿ, ಎಫೆಸದ ಸುಮಾರು ಹನ್ನೆರಡು ಜನ. ಅವರಿಗೆ ಮೊದಲು ಆಗಿದ್ದದ್ದು ಯೋಹಾನನ ದೀಕ್ಷಾಸ್ನಾನ, ಯೇಸುವಿನ ಹೆಸರಿನಲ್ಲಿ ಆಗಿರಲಿಲ್ಲ. ಕಾರಣ ಅದು. ನಡುವೆ ತಪ್ಪು ಮಾಡಿದರು ಅಂತಲ್ಲ. ನಿಮ್ಮದು ನೀವೇ ನಂಬಿ ತೆಗೆದುಕೊಂಡದ್ದು, ಆದ್ದರಿಂದ ಯಾವ ಪಕ್ಷದವರ ಲೆಕ್ಕದಲ್ಲೂ ಅದು ಸಾಮಾನ್ಯವಾಗಿ ಉಳಿಯುತ್ತದೆ. ಕೊಟ್ಟ ಪಾದ್ರಿಯೇ ಸರಿ ಇರಲಿಲ್ಲ ಅಂತಲೂ ಕೆಲವರು ಒದ್ದಾಡುತ್ತಾರೆ. ಕೊಟ್ಟವನ ನಡತೆಯ ಮೇಲೆ ಅದು ನಿಂತಿಲ್ಲ ಅಂತ ಅಗಸ್ಟೀನನ ಕಾಲದಲ್ಲೇ ವಾದ ಮಾಡಿ ಮುಗಿಸಿದ್ದಾರೆ.

ಹಾಗಾದರೆ ಏನು ಮಾಡುವುದು? ಸುಳ್ಳಿಗೆ ಹೆಸರಿಟ್ಟು ಹೇಳಿ. "ದೇವರೇ, ನಾನು ಪಾಪಿ" ಅನ್ನುವುದು ಸುಲಭ, "ಇಂಥವರಿಗೆ ಇಂಥ ಸುಳ್ಳು ಹೇಳಿದೆ" ಅನ್ನುವುದು ಕಷ್ಟ. ನಿಮ್ಮ ಸಭೆಯ ಕ್ರಮದಂತೆ ಗುರುಗಳ ಹತ್ತಿರವೋ ನಂಬಿಕಸ್ತ ಒಬ್ಬರ ಹತ್ತಿರವೋ ಹೇಳಿ, ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಅಂತ ಯಾಕೋಬನ ಪತ್ರದಲ್ಲೂ ಇದೆ. ಆಮೇಲೆ ಆ ಸುಳ್ಳಿನಿಂದ ನಷ್ಟ ಆದವರ ಹತ್ತಿರ ಹೋಗಿ ಸರಿಮಾಡಿ. ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯ ಯೇಸುವಿನ ಎದುರು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದನಲ್ಲ, ಅದು ತಿರುಗುವುದು. ಕೋಪ ಒಂದು ದಿನಕ್ಕೆ ಹೋಗುವುದಿಲ್ಲ, ಅದಕ್ಕೆ ದಿನಾ ತಿರುಗಬೇಕಾಗುತ್ತದೆ. ಬೇಸರದ ಸಂಗತಿ ಏನಂದರೆ ಇನ್ನೊಮ್ಮೆ ಮುಳುಗುವುದು ಇವೆಲ್ಲಕ್ಕಿಂತ ಸುಲಭ. ಅದಕ್ಕೇ ಮನಸ್ಸು ಅದನ್ನು ಕೇಳುವುದು ಅಂತ ನನ್ನ ಅನುಮಾನ.

ಕೊನೆಯ ಊಟದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನೂ ನಿಮ್ಮ ಹಾಗೇ ಕೇಳಿದ. ಮೊದಲು ಕಾಲು ಮುಟ್ಟಲೇಬೇಡಿ ಅಂದ, ಆಮೇಲೆ ಕಾಲು ಮಾತ್ರ ಯಾಕೆ, ಕೈಯನ್ನೂ ತಲೆಯನ್ನೂ ತೊಳೆಯಿರಿ ಅಂದ. ಸ್ನಾನ ಆದವನಿಗೆ ಕಾಲು ತೊಳೆದರೆ ಸಾಕು ಅಂತ ಯೇಸು ಉತ್ತರ ಕೊಟ್ಟದ್ದನ್ನು ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಓದಬಹುದು. ಹಳೆಯ ಕಾಲದಿಂದಲೂ ಅನೇಕರು ಇದನ್ನು ದೀಕ್ಷಾಸ್ನಾನ ಮತ್ತು ದಿನದಿನದ ಪಶ್ಚಾತ್ತಾಪಕ್ಕೆ ಜೋಡಿಸಿ ಓದಿದ್ದಾರೆ. ಅದೇ ರಾತ್ರಿ, ಕೋಳಿ ಕೂಗುವುದರೊಳಗೆ, ಪೇತ್ರ ಮೂರು ಸಲ ಅವನನ್ನು ಗೊತ್ತೇ ಇಲ್ಲ ಅಂದುಬಿಟ್ಟ.

ಪೇತ್ರ ಆಮೇಲೆ ನೀರಿಗೆ ಇಳಿದದ್ದೇನೋ ನಿಜ. ಸತ್ತು ಎದ್ದುಬಂದ ಯೇಸು ಬೆಳಗಿನ ಜಾವ ದಡದಲ್ಲಿ ನಿಂತಿದ್ದ, ಪೇತ್ರ ಮೀನುದೋಣಿಯಲ್ಲಿದ್ದ, ನಡುವೆ ಇನ್ನೂರು ಮೊಳದಷ್ಟು ದೂರ. ಅವನೇ ಅಂತ ಗೊತ್ತಾದ ಕೂಡಲೇ ಮೇಲಂಗಿ ಸುತ್ತಿಕೊಂಡು ಕೆರೆಗೆ ಹಾರಿದ. ದಡದಲ್ಲಿ ಕೆಂಡ ಇತ್ತು, ಅದರ ಮೇಲೆ ಮೀನಿತ್ತು, ರೊಟ್ಟಿ ಇತ್ತು. ಮೊದಲು ಊಟ ಮಾಡಿದರು. ಪ್ರಶ್ನೆ ಕೇಳಿದ್ದು ಆಮೇಲೆ, "ನನ್ನನ್ನು ಪ್ರೀತಿಸುತ್ತೀಯಾ?" ಅಂತ, ಮೂರು ಸಲ.